ಅಮ್ಮನಿಗೆ ಡಾಲೆಕ್ ಕಥೆ ಕೇಳಿಸಿದ್ದು

ಕಾರ್ಡಿಫ್‌ನಲ್ಲಿ ಡಿಸೆಂಬರ್ ಅಂದರೆ ಸಂಜೆ ನಾಲ್ಕಕ್ಕೇ ಕತ್ತಲು. ಆರು ತಿಂಗಳು ಇರ್ತೀನಿ ಅಂತ ಅರಸೀಕೆರೆಯಿಂದ ಬಂದ ಅಮ್ಮ ಹೀಟರ್ ಪಕ್ಕ ಸುಮ್ನೆ ಕೂತಿರುತ್ತಿದ್ದಳು. ಒಂದು ಕಣ್ಣಿನ ಪೊರೆ ಆಪರೇಷನ್ ಆಗಿತ್ತು, ಇನ್ನೊಂದು ಬಾಕಿ. ಟಿವಿ ನೋಡಿದರೆ ತಲೆನೋವು. ಆಕಾಶವಾಣಿ ನಾಟಕ ಕೇಳಿ ಬೆಳೆದವಳು, ಕಿವಿ ಮಾತ್ರ ಬಲು ಚುರುಕು. ನನ್ನ ಹತ್ತಿರ 'ಡಾಕ್ಟರ್ ಹೂ' ಅನ್ನುವ ಬ್ರಿಟಿಷ್ ವೈಜ್ಞಾನಿಕ ಟಿವಿ ಧಾರಾವಾಹಿಯ ಆಡಿಯೋಗಳ ರಾಶಿಯೇ ಇತ್ತು. ಅದನ್ನೇ ಕೇಳಿಸೋಣ ಅಂದುಕೊಂಡೆ. ತೊಡಕು ಒಂದೇ, ಅಮ್ಮನ ಇಂಗ್ಲಿಷ್ ಬಸ್ಸಿನ ಬೋರ್ಡ್ ಓದುವಷ್ಟು.

ಈ ಧಾರಾವಾಹಿ ಬಿಬಿಸಿಯಲ್ಲಿ ಶುರುವಾಗಿದ್ದು 1963ರ ನವೆಂಬರ್ 23ಕ್ಕೆ. ಆಗ ವಿಡಿಯೋ ಟೇಪ್ ದುಬಾರಿ. ಪ್ರಸಾರ ಮುಗಿದ ಮೇಲೆ ಅಳಿಸಿ, ಅದರ ಮೇಲೇ ಬೇರೆ ಕಾರ್ಯಕ್ರಮ ತುಂಬುತ್ತಿದ್ದರು. ಹಾಗಾಗಿ 60ರ ದಶಕದ 90ಕ್ಕೂ ಜಾಸ್ತಿ ಕಂತುಗಳ ಚಿತ್ರ ಇಲ್ಲ. ಆದರೆ ಧ್ವನಿ ಅಷ್ಟೂ ಉಳಿದಿದೆ! ಅದನ್ನು ಉಳಿಸಿದ್ದು ಆಗಿನ ಅಭಿಮಾನಿಗಳು. ಟಿವಿ ಮುಂದೆ ಮೈಕ್ ಇಟ್ಟು ಮನೆಯಲ್ಲೇ ರೆಕಾರ್ಡ್ ಮಾಡಿಕೊಂಡಿದ್ದರು. ಮುಂದೆ ಆ ಟೇಪುಗಳ ಗಲಾಟೆ ತೆಗೆದು, ಮಾತಿಲ್ಲದ ಕಡೆ ನಟರಿಂದ ನಿರೂಪಣೆ ಓದಿಸಿ, ಬಿಬಿಸಿಯೇ ಕ್ಯಾಸೆಟ್, ಸಿಡಿ ಹೊರತಂದಿತು.

ನಾನು ಆರಿಸಿದ್ದು 1966ರ 'ದ ಪವರ್ ಆಫ್ ದ ಡಾಲೆಕ್ಸ್'. ಡಾಲೆಕ್ ಅಂದರೆ ಲೋಹದ ಕವಚದೊಳಗೆ ಕೂತ ಜೀವಿ, ಡಾಕ್ಟರ್‌ಗೆ ಹಳೇ ವೈರಿ. ಆರು ಕಂತು, ಆರೂ ಕಾಣೆ. ವಿಲಿಯಂ ಹಾರ್ಟ್‌ನೆಲ್ ಹೋಗಿ ಪ್ಯಾಟ್ರಿಕ್ ಟ್ರೌಟನ್ ಡಾಕ್ಟರ್ ಆದ ಮೊದಲ ಕಥೆ. ಡಾಕ್ಟರ್ ಅಂದರೆ ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಕಥಾನಾಯಕ, ನಟ ಬದಲಾದರೆ ಕಥೆಯಲ್ಲೂ ಅವರ ಮುಖ ಬದಲಾಗುತ್ತೆ. ಸಿಡಿಯಲ್ಲಿ ನಿರೂಪಣೆ ಓದಿದವರು ಆನೆಕೆ ವಿಲ್ಸ್, ಅಂದರೆ ಕಥೆಯಲ್ಲಿ ಡಾಕ್ಟರ್ ಜೊತೆ ಓಡಾಡುವ ಪಾಲಿ ಆಗಿದ್ದವರೇ. 2016ರಲ್ಲಿ ಇದೇ ಧ್ವನಿಗೆ ಅನಿಮೇಷನ್ ಜೋಡಿಸಿದರು, ಆದರೆ ಅಮ್ಮನಿಗೆ ಅದರಿಂದ ಏನು ಉಪಯೋಗ?

ಮೊದಲ ದಿನ ಪೂರ್ತಿ ಎಡವಟ್ಟು. ಒಂದೊಂದು ಮಾತಿಗೂ ನಿಲ್ಲಿಸಿ ಕನ್ನಡ ಮಾಡಿದೆ. 25 ನಿಮಿಷದ ಕಂತು ಒಂದೂವರೆ ಗಂಟೆ ಹಿಡಿಯಿತು. ಒಂಬತ್ತು ವರ್ಷದ ಮಗಳು ಅರ್ಧಕ್ಕೇ ಎದ್ದು ಹೋದಳು. ಅಮ್ಮ ಹೇಳಿದಳು, "ಬೂಟಿನ ಸದ್ದು ನಂಗೂ ಕೇಳುತ್ತೆ ಕಣೋ. ಯಾರೋ ಬಂದ ಅಂತ ನೀನ್ಯಾಕೆ ಹೇಳ್ತೀಯಾ? ಯಾರು ಬಂದ ಅಂತ ಹೇಳು, ಸಾಕು."

ಅವಳ ಆ ಮಾತೇ ನನಗೆ ಪಾಠವಾಯಿತು. ಮಾರನೇ ದಿನ ಒಂದು ನೋಟ್‌ಬುಕ್ ತಗೊಂಡು ಕೂತೆ. ಒಂದು ದೃಶ್ಯ ಪೂರ್ತಿ ಕೇಳಿ ಅದರ ಸಾರ ನಾಲ್ಕು ಸಾಲಲ್ಲಿ ಬರೆದೆ. ಹರಿಕಥೆ ದಾಸರು ಮೊದಲು ಕಥೆ ಹೇಳಿ ಆಮೇಲೆ ಹಾಡ್ತಾರಲ್ಲ, ಹಾಗೆ. ಮೊದಲು ಕನ್ನಡದಲ್ಲಿ ಸಾರ, ಆಮೇಲೆ ತಡೆಯಿಲ್ಲದೆ ದೃಶ್ಯ. ಒಳಗೆ ಮೌನ ಎಲ್ಲೆಲ್ಲಿ, ಎಷ್ಟು ಸೆಕೆಂಡು ಅಂತ ಮೊಬೈಲ್ ಸ್ಟಾಪ್‌ವಾಚ್‌ನಲ್ಲಿ ಅಳೆದೆ. ಐದು ಸೆಕೆಂಡಿಗೆ ಆರೇಳು ಪದ, ಅಷ್ಟೇ ಹಿಡಿಯೋದು. ಸಂಗೀತದ ಮೇಲೆ ಮಾತಾಡೋ ಹಾಗಿಲ್ಲ.

ಬರೆಯುವಾಗ ಒಂದು ಮಜಾ ಸಿಕ್ಕಿತು. ಕಥೆಯ ಶುರುವಲ್ಲಿ ಡಾಕ್ಟರ್ ಮುಖವೇ ಬದಲಾಗಿದೆ. ಬೆರಳಿಗೆ ಹಳೆ ಉಂಗುರವೂ ನಿಲ್ಲಲ್ಲ. ಪಾಲಿ ಇವರೇ ಡಾಕ್ಟರ್ ಅಂತ ನಂಬುತ್ತಾಳೆ, ಇನ್ನೊಬ್ಬ ಜೊತೆಗಾರ ಬೆನ್‌ಗೆ ಅನುಮಾನ. ಇಂಗ್ಲಿಷ್‌ನಲ್ಲಿ ಇಬ್ಬರಿಗೂ 'ಹೀ' ಒಂದೇ. ನಾನು ಪಾಲಿ ಬಾಯಲ್ಲಿ 'ಇವರು' ಇಟ್ಟೆ, ಬೆನ್ ಬಾಯಲ್ಲಿ 'ಇವನು'. ಬೇರೇನೂ ವಿವರಿಸಬೇಕಾಗಲಿಲ್ಲ. ಎರಡನೇ ಕಂತಿನ ಕೊನೆಯಲ್ಲಿ ಒಂದು ಡಾಲೆಕ್ ಗುರುತು ಹಿಡಿದ ಹಾಗೆ ಡಾಕ್ಟರ್ ಕಡೆ ತಿರುಗುತ್ತೆ. 'ನಾನು ನಿಮ್ಮ ಸೇವಕ' ಅಂತ ಮತ್ತೆ ಮತ್ತೆ ಕೂಗುತ್ತೆ. ಡಾಕ್ಟರ್ ಎಷ್ಟು ಅರಚಿದರೂ ಆ ಕೂಗಿನಲ್ಲಿ ಮುಳುಗಿಹೋಗುತ್ತೆ. ಅಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದೆ. ಮೂರನೇ ಕಂತಿಗೆ ಬೆನ್ ಮತ್ತೆ 'ಇವನು' ಅಂದಾಗ ಅಮ್ಮ ತಡೆದಳು. "ಆ ತಗಡಿನ ಡಬ್ಬಕ್ಕೇ ಇವರು ಯಾರು ಅಂತ ಗೊತ್ತಾಯ್ತು. ಈ ಹುಡುಗನಿಗೆ ಇನ್ನೂ ಗೊತ್ತಾಗಿಲ್ವಾ?" ನೋಟ್‌ಬುಕ್‌ನಲ್ಲಿ ಹೊಡೆದು ತಿದ್ದಿದೆ.

ಡಾಲೆಕ್ ದನಿ ಕೇಳಿದ್ದೇ ಅಮ್ಮ, "ಟೇಬಲ್ ಫ್ಯಾನ್ ಮುಂದೆ ಕೂತು ಮಾತಾಡಿದ ಹಾಗಿದೆ" ಅಂದಳು. ಹೆಚ್ಚುಕಮ್ಮಿ ಅದೇ. ನಟನ ದನಿಯನ್ನು ರಿಂಗ್ ಮಾಡ್ಯುಲೇಟರ್ ಅನ್ನುವ ಸರ್ಕೀಟಿನಲ್ಲಿ ಹಾಯಿಸಿ, ಸೆಕೆಂಡಿಗೆ ಸುಮಾರು 30 ಸಲ ಕಂಪಿಸುವ ಇನ್ನೊಂದು ಅಲೆಯ ಜೊತೆ ಗುಣಿಸುತ್ತಾರೆ. ದನಿ ತುಂಡು ತುಂಡಾಗುತ್ತೆ. ಮಗಳು ಬಿಡಬೇಕಲ್ಲ. ಅಟ್ಟದಿಂದ ಫ್ಯಾನ್ ಇಳಿಸಿ, ಆ ಚಳಿಯಲ್ಲಿ ಹಾಕಿಕೊಂಡು, ಅಜ್ಜಿಗೆ ಊಟಕ್ಕೆ ಕರೆಯೋದೂ ಡಾಲೆಕ್ ದನಿಯಲ್ಲೇ.

ನಡುವೆ ಒಂದು ದಿನ ಬಿಗ್ ಫಿನಿಶ್ ಅನ್ನುವ ಆಡಿಯೋ ಕಂಪನಿಯವರ ನಾಟಕ ಹಾಕಿದೆ. 1999ರಿಂದ ಇವರು ಟಿವಿಯಲ್ಲಿ ಡಾಕ್ಟರ್ ಆಗಿದ್ದ ಹಳೇ ನಟರನ್ನೇ ಕರೆಸಿ ಆಡಿಯೋಗೆ ಅಂತಲೇ ಹೊಸ ಕಥೆ ಮಾಡುತ್ತಿದ್ದಾರೆ. ಪಾಲ್ ಮೆಕ್‌ಗ್ಯಾನ್ ಅವರ ಮೊದಲನೆಯದು, 2001ರ 'ಸ್ಟಾರ್ಮ್ ವಾರ್ನಿಂಗ್'. ಆರ್101 ವಾಯುನೌಕೆಯಲ್ಲಿ ನಡೆಯುವ ಕಥೆ. ನಿರೂಪಕರಿಲ್ಲ, ನನಗೆ ಕೆಲಸ ಕಮ್ಮಿ ಅಂದುಕೊಂಡಿದ್ದೆ. ಶುರುವಿನಲ್ಲೇ ಅಮ್ಮ ಕೇಳಿದಳು, "ಇವರ್ಯಾಕೆ ಒಬ್ಬರೇ ಮಾತಾಡ್ಕೋತಾರೆ?" ಕಂಡದ್ದನ್ನೆಲ್ಲ ಡಾಕ್ಟರೇ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಕೇಳುವವರಿಗೆ ತಿಳಿಯಲ್ಲ. ಅವರ ನಾಟಕಗಳು ಆಮೇಲೆ ಬಹಳ ಪಳಗಿದವು, ನನಗೆ 2002ರ 'ದ ಚೈಮ್ಸ್ ಆಫ್ ಮಿಡ್‌ನೈಟ್' ಅಂದರೆ ಪ್ರಾಣ. ಅಮ್ಮನಿಗೆ ಮಾತ್ರ ಡಾಲೆಕ್ಕೇ ಬೇಕು.

ನನ್ನನ್ನು ಕಾಡಿದ್ದು ನಾಲ್ಕನೇ ಕಂತಿನ ಕೊನೆ. ಲೆಸ್ಟರ್‌ಸನ್ ಅನ್ನುವ ವಿಜ್ಞಾನಿ, ಆ ಡಾಲೆಕ್‌ಗಳಿಗೆ ತಾನೇ ಜೀವ ಕೊಟ್ಟವನು, ಅವುಗಳ ನೌಕೆಯೊಳಗೆ ಕದ್ದು ನೋಡುತ್ತಾನೆ. ಒಳಗೆ ಕಾರ್ಖಾನೆ ಥರ ಹೊಸ ಡಾಲೆಕ್‌ಗಳು ತಯಾರಾಗುತ್ತಿವೆ. ನಮಗೆ ಕೇಳಿಸೋದು ಬರೀ ಯಂತ್ರದ ಬಡಿತ. ಮೊದಲು ಒಂದು ಪುಟ ಬರೆದೆ. ಓದಿ ನೋಡಿದರೆ ನನ್ನ ಗದ್ದಲದಲ್ಲಿ ಬಡಿತವೇ ಕೇಳಲಿಲ್ಲ. ಕಡೆಗೆ ಉಳಿದದ್ದು ಇಷ್ಟು: "ಲೆಸ್ಟರ್‌ಸನ್ ಇಣುಕಿದ. ಡಾಲೆಕ್‌ಗಳು. ಒಂದರ ಹಿಂದೆ ಒಂದು. ಹುಟ್ಟುತ್ತಿವೆ." ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರೋದು ಇಲ್ಲಿ ಒಳ್ಳೇದೇ ಆಯಿತು.

ಅಷ್ಟು ಹೇಳಿ ಸುಮ್ಮನಾದೆ. ಅಮ್ಮ ಕೈ ಎತ್ತಿದಳು. ಏನೋ ತಪ್ಪಾಯ್ತು ಅಂದುಕೊಂಡೆ.

"ಆ ಹೀಟರ್ ಆರಿಸೋ, ಗುಯ್ ಅಂತಿದೆ. ಇನ್ನೊಂದ್ಸಲ ಹಾಕು."

ಮೂವರೂ ಶಾಲು ಹೊದ್ದು ಮತ್ತೆ ಕೇಳಿದೆವು. ಐದು, ಆರನೇ ಕಂತು ಹೀಟರ್ ಇಲ್ಲದೆಯೇ ಮುಗಿದವು.