ಕಪ್ಪಗಿದ್ರ ಸಾಕಾಗಲ್ಲ: ನಮ್ಮ ಬಿಸಲಿಗೆ, ಧೂಳಿಗೆ ಚಸ್ಮಾ ಆರಿಸೋದು ಹ್ಯಾಂಗ, ಜ್ವಾಪಾನ ಮಾಡೋದು ಹ್ಯಾಂಗ

ಮಾರ್ಚ್ ಹೊಕ್ಕಿತಂದ್ರ ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ರೋಡಿನ ಬಾಜೂಕ ಕೂಲಿಂಗ್ ಗ್ಲಾಸಿನ ಸ್ಟ್ಯಾಂಡ್ ನಿಂದರ್ತಾವ. ಮಂದಿ ಒಂದೊಂದೇ ಹಾಕ್ಕೊಂಡು ಕನ್ನಡಿ ನೋಡಿ ಯಾವ್ದು ಭಾಳ ಕಪ್ಪ ಅದ ಅದನ್ನೇ ಒಯ್ತಾರ, ಕಪ್ಪಗಿದ್ದಷ್ಟು ಕಣ್ಣಿಗೆ ತಂಪ ಅಂತ. ತಪ್ಪು ಇಲ್ಲೇ ಶುರು ಆಗ್ತದ ನೋಡ್ರಿ. ಕಣ್ಣು ಕೆಡಿಸೋದು ಕಣ್ಣಿಗೆ ಕಾಣೋ ಬೆಳಕಷ್ಟೇ ಅಲ್ಲ, ಕಾಣ್ಲಾರದ ಯುವಿ ಕಿರಣ. ಬರೇ ಬಣ್ಣ ಹಾಕಿದ ಪ್ಲಾಸ್ಟಿಕ್ ಬೆಳಕ ಕಮ್ಮಿ ಮಾಡ್ತದ, ಕತ್ಲಾಯ್ತು ಅಂತ ಕಣ್ಣಿನ ಪಾಪೆ ಅಗಲ ಆಗ್ತದ, ಅದ್ರಾಗಿಂದ ಯುವಿ ಇನ್ನೂ ಜಾಸ್ತಿ ಒಳಗ ಹೋಗ್ತದ. ಅಂಥಾ ಚಸ್ಮಾ ಹಾಕ್ಕೊಳ್ಳೋದಕ್ಕಿಂತ ಹ್ಯಾಟ್ ಹಾಕ್ಕೊಂಡು ಬರೀಗಣ್ಣಿಲೆ ಹೋಗೋದು ಚಲೋ.

ನಮ್ಮ ಕಡಿ ಇದನ್ನ ಹಗುರ ತಗೊಳ್ಳಂಗಿಲ್ಲ. ಯಾದಗಿರಿ, ಕಲಬುರಗಿ, ಬೀದರ್ ಮೂರೂ ಹೆಚ್ಚು ಕಮ್ಮಿ 17 ಡಿಗ್ರಿ ಅಕ್ಷಾಂಶದ ಆಜೂಬಾಜೂ ಅವ, ಮೇ ತಿಂಗಳ ಮೊದಲ ಹದಿನೈದು ದಿನದಾಗ ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿ ಮ್ಯಾಲೇ ಬರ್ತಾನ, ಕಂಬದ ನೆರಳು ಕಂಬದ ಬುಡದಾಗೇ ಇರ್ತದ. ಆಗಸ್ಟ್‌ನಾಗ ಇನ್ನೊಮ್ಮೆ ಹಂಗೇ ಬರ್ತಾನ, ಮೋಡ ಇದ್ರೂ ಯುವಿ ಇರ್ತದ, ಸೆಕಿ ಇಲ್ಲಂದ ಕೂಡ್ಲೆ ಯುವಿ ಇಲ್ಲಂತ ತಿಳಕೋಬ್ಯಾಡ್ರಿ. ವರ್ಷಾನುಗಟ್ಲೆ ಬಿಸಲು ಧೂಳಿನಾಗ ದುಡಿದವರಿಗೆ ಕಣ್ಣಿನ ಬಿಳಿ ಭಾಗದಿಂದ ಮಾಂಸ ಬೆಳದು ಕರಿಗುಡ್ಡಿ ಮ್ಯಾಲ ಏರ್ತದ, ಮೋತಿಬಿಂದುವಿಗೂ ಯುವಿ ಒಂದು ಕಾರಣ.

ಮೊದಲ ನಿಮ್ಮ ಕಣ್ಣಿಗೆ ಏನ್ ಬರ್ತದ ನೋಡ್ರಿ

ಅಂಗಡಿಗೆ ಹೋಗೋಕಿಂತ ಮೊದಲ ಇದೊಂದು ವಿಚಾರ ಮಾಡ್ರಿ. ಬರೇ ಬಿಸಲಾ, ಬೈಕ್ ಮ್ಯಾಲ ಧೂಳಾ, ಹಾರಿ ಬರೋ ಚೂರಾ, ಸಿಡಿಯೋ ಔಷಧಾ? ನಾಲ್ಕಕ್ಕೂ ಒಂದೇ ಚಸ್ಮಾ ನಡಿಯಂಗಿಲ್ಲ.

ಬರೇ ಬಿಸಲಿಗಾದ್ರ ಲೇಬಲ್ ಮ್ಯಾಲ ಯುವಿ 400 ಅಂತ ಇರ್ಬೇಕು, ಅಂದ್ರ 400 ನ್ಯಾನೋಮೀಟರ್ ತನಕದ ಕಿರಣ ತಡೀತದ ಅಂತ ಅರ್ಥ. ಆದ್ರ ಸ್ಟಿಕರ್ ಯಾರು ಬೇಕಾದ್ರೂ ಅಂಟಿಸ್ತಾರ, ಹಂಗಾಗಿ ಯುವಿ ಮೀಟರ್ ಇರೋ ಆಪ್ಟಿಕಲ್ ಅಂಗಡಿಗೆ ಹೋಗಿ "ಇದನ್ನ ಜರಾ ಚೆಕ್ ಮಾಡಿ ತೋರ್ಸ್ರಿ" ಅಂತ ಕೇಳ್ರಿ, ಒಂದು ನಿಮಿಷದ ಕೆಲಸ, ಸಂಕೋಚ ಬ್ಯಾಡ. ಮನ್ಯಾಗ ಹಳೇ ಕೂಲಿಂಗ್ ಗ್ಲಾಸ್ ಇದ್ರ ಅದನ್ನೂ ಒಯ್ರಿ. ರೇಟ್ ಹೆಚ್ಚಿದ್ರೆ ಯುವಿ ಚಲೋ ತಡೀತದ ಅಂತೇನೂ ಇಲ್ಲ, ಕಮ್ಮಿ ರೇಟಿನ ಪಾಲಿಕಾರ್ಬೊನೇಟ್ ಲೆನ್ಸ್ ಸೈತ ಯುವಿ ತಡೀತದ, ಆ ಪ್ಲಾಸ್ಟಿಕ್ಕಿನ ಗುಣಾನೇ ಹಂಗ.

ಎಷ್ಟು ಕಪ್ಪ ಇರ್ಬೇಕು ಅನ್ನೋದಕ್ಕ ಕ್ಯಾಟಗರಿ ನಂಬರ್ ಇರ್ತದ, 0 ದಿಂದ 4 ತನಕ. ನಮ್ಮ ಬ್ಯಾಸಿಗಿಗೆ 3 ಸರಿ, ನೂರು ಪಾಲು ಬೆಳಕಿನಾಗ 8 ರಿಂದ 18 ಪಾಲು ಅಷ್ಟೇ ಒಳಗ ಬಿಡ್ತದ. 4 ನಂಬರಿನದು ಹಾಕ್ಕೊಂಡು ಗಾಡಿ ಹೊಡೀಲೇಬಾರ್ದು, ಅಷ್ಟು ಕತ್ಲಿ ಇರ್ತದ. ಬಣ್ಣ ಬೂದಿ ಇಲ್ಲಾ ಕಂದು ತಗೋರಿ, ನೀಲಿ ಗುಲಾಬಿ ಲೆನ್ಸಿನಾಗ ಸಿಗ್ನಲ್ ಬಣ್ಣ ಬ್ಯಾರೇನೇ ಕಾಣ್ಬಹುದು. ರಾತ್ರಿ ಡ್ರೈವಿಂಗಿಗೆ ಅಂತ ಮಾರೋ ಹಳದಿ ಚಸ್ಮಾ ದುಡ್ಡು ದಂಡ, ಇರೋ ಬೆಳಕೂ ಕಮ್ಮಿ ಮಾಡ್ತದ.

ಬಿಸಲಿಗೆ ಹೋದ್ರ ತಾನೇ ಕಪ್ಪಾಗೋ ಲೆನ್ಸ್ ಬಗ್ಗೆ ಭಾಳ ಮಂದಿ ಕೇಳ್ತಾರ. ಚಲೋನೇ ಅವ, ಆದ್ರ ಎರಡು ಮಾತು ಅಂಗಡಿಯವ್ರು ಹೇಳಂಗಿಲ್ಲ. ಅವು ಕಪ್ಪಾಗೋದು ಯುವಿಯಿಂದ, ಕಾರಿನ ಮುಂದಿನ ಗ್ಲಾಸ್ ಯುವಿ ತಡೀತದ, ಹಂಗಾಗಿ ಕಾರಿನೊಳಗ ಸರಿಯಾಗಿ ಕಪ್ಪೇ ಆಗಂಗಿಲ್ಲ. ಎರಡನೇದು, ಸೆಕಿ ಹೆಚ್ಚಾದಂಗ ಅವು ಕಪ್ಪಾಗೋದು ಕಮ್ಮಿ ಆಗ್ತದ, ನಮ್ಮಲ್ಲಿ 42 ಡಿಗ್ರಿ ಇದ್ದಾಗ್ಲೇ ಬೇಕಾಗೋದು, ಆಗ್ಲೇ ಅರ್ಧಾ ಕೆಲಸ ಮಾಡ್ತಾವ. ಪೋಲರೈಸ್ಡ್ ಲೆನ್ಸ್ ಡಾಂಬರ್ ರೋಡಿನ ಝಳಪು ಮಸ್ತ್ ಕಮ್ಮಿ ಮಾಡ್ತದ, ಖರೆ ಹೌದೋ ಇಲ್ಲೋ ನೋಡ್ಬೇಕಂದ್ರ ಮೊಬೈಲ್ ಸ್ಕ್ರೀನ್ ಮುಂದ ಹಿಡದು ನಿಧಾನ ತಿರುಗಿಸ್ರಿ, ಒಂದು ಕಡಿ ಸ್ಕ್ರೀನ್ ಕಪ್ಪಾಗ್ಬೇಕು. ಆದ್ರ ಪೋಲರೈಸ್ಡ್ ಇದ್ದ ಮಾತ್ರಕ್ಕ ಯುವಿ ತಡೀತದಂತಲ್ಲ, ಅದು ಬ್ಯಾರೆ ಇದು ಬ್ಯಾರೆ.

ತಗೊಳ್ಳೋಕಿಂತ ಮೊದಲ ಲೆನ್ಸ್ ಕೈಯಷ್ಟು ದೂರ ಹಿಡದು ಅದ್ರಾಗಿಂದ ಬಾಗಿಲ ಚೌಕಟ್ಟು ನೋಡ್ರಿ, ಲೆನ್ಸ್ ಅತ್ತಿತ್ತ ಸರಿಸಿದ್ರ ಗೆರಿ ಅಲೆ ಅಲೆ ಆಗಿ ಕುಣೀಬಾರ್ದು. ಕುಣದ್ರ ತಲಿನೋವು ಗ್ಯಾರಂಟಿ, ಅಲ್ಲೇ ಇಟ್ಟು ಬರ್ರಿ. ಫ್ರೇಮ್ ಕಿವಿ ಕಡಿ ಹೊಳ್ಳಿರೋದು ಚಲೋ, ಸಣ್ಣ ಗೋಲ್ ಫ್ಯಾಶನ್ ಚಸ್ಮಾದಾಗ ಬಾಜೂದಿಂದ ಬಿಸಲು ಹೊಕ್ಕೇ ಹೊಗ್ತದ. ಸಣ್ಣ ಹುಡುಗ್ರಿಗೆ ಜಾತ್ರಿಯಾಗಿನ ಆಟದ ಚಸ್ಮಾ ಬಿಸಲಿಗೆ ಅಂತ ಹಾಕ್ಬ್ಯಾಡ್ರಿ, ಅವರ ಕಣ್ಣಿನ ಮಸೂರ ದೊಡ್ಡವ್ರಕ್ಕಿಂತ ಜಾಸ್ತಿ ಯುವಿ ಒಳಗ ಬಿಡ್ತದ.

ದುಡಿಯೋರ ಕಣ್ಣು

ನನಗ ಹೆಚ್ಚಿನ ಕಾಳಜಿ ಇರೋದು ಇಲ್ಲಿ. ಶಹಾಬಾದದ ಕಡಿ ಫರ್ಸಿ ಕೊಯ್ಯೋರು, ಬೀದರ್ದಾಗ ಬಿದ್ರಿ ಕೆತ್ತೋರು, ಗ್ರೈಂಡರ್ ಹಿಡಿಯೋ ಹುಡುಗ್ರು, ತೊಗರಿ ರಾಶಿ ಮಷೀನ್ ಮುಂದ ನಿಂದ್ರೋರು, ಇವ್ರಿಗೆ ಕೂಲಿಂಗ್ ಗ್ಲಾಸ್ ಸಾಲಂಗಿಲ್ಲ. ಸುತ್ತಲೂ ಮುಚ್ಚೋ ಸೇಫ್ಟಿ ಗಾಗಲ್ ಬೇಕು, ಪಾಲಿಕಾರ್ಬೊನೇಟಿಂದು, ಗಾಜಿಂದು ಬ್ಯಾಡ. ಫ್ರೇಮ್ ಮ್ಯಾಲ ಗುರ್ತು ಹುಡುಕ್ರಿ: ನಮ್ಮ ದೇಶದ್ದು ಐಎಸ್ 5983, ಯುರೋಪಿಂದು ಇಎನ್ 166, ಅಮೆರಿಕಾದ್ದು ಝಡ್ 87, ಅದ್ರ ಮುಂದ ಪ್ಲಸ್ ಇದ್ರ ಜೋರ ಪೆಟ್ಟಿಗೂ ತಡೀತದ.

ಗಾಳಿ ತೂತು ನೋಡೋದು ಮರೀಬ್ಯಾಡ್ರಿ. ಚೂರು ಹಾರೋ ಕೆಲಸಕ್ಕ ನೆಟ್ಟಗ ತೂತಿರೋದು ನಡೀತದ, ಬೆವರಿನ ಮಬ್ಬು ಕಮ್ಮಿ. ಆದ್ರ ಹತ್ತಿಗೆ ತೊಗರಿಗೆ ಔಷಧ ಹೊಡಿಯೋವಾಗ ಮುಚ್ಚಳದಂಥ ಓರೆ ತೂತಿಂದೇ ಬೇಕು, ಇಲ್ಲಾಂದ್ರ ಹನಿ ಸೀದಾ ಕಣ್ಣಿಗೇ. ವೆಲ್ಡಿಂಗ್ ಮಾತೇ ಬ್ಯಾರೆ, ಕರೆಂಟ್ ವೆಲ್ಡಿಂಗಿಗೆ ಸಾಮಾನ್ಯವಾಗಿ 10 ಇಲ್ಲಾ ಅದಕ್ಕಿಂತ ಮ್ಯಾಲಿನ ಶೇಡಿನ ಗ್ಲಾಸ್ ಇರೋ ಹೆಲ್ಮೆಟ್ ಬೇಕು. ಕೂಲಿಂಗ್ ಗ್ಲಾಸ್ ಹಾಕ್ಕೊಂಡು ವೆಲ್ಡಿಂಗ್ ಮಾಡಿದ್ರ ಆಗ ಏನೂ ಗೊತ್ತಾಗಂಗಿಲ್ಲ, ನಾಲ್ಕಾರು ತಾಸಿನ ಮ್ಯಾಲ ನಡುರಾತ್ರಿ ಕಣ್ಣಾಗ ಉಸುಕು ಖಾರ ಹಾಕಿದಂಗ ಉರೀತದ.

ಗಾಗಲ್ ಇಲ್ದೇ ತೊಗರಿ ಹೊಟ್ಟೋ ಜೋಳದ ರವದಿಯೋ ಕಣ್ಣಿಗೆ ಬಡದ್ರ ತಿಕ್ಕಬ್ಯಾಡ್ರಿ, ಸ್ವಚ್ಛ ನೀರಿಲೆ ತೊಳಕೋರಿ, ಹಾಲು ಎಣ್ಣಿ ಏನೂ ಹಾಕ್ಬ್ಯಾಡ್ರಿ. ಮೆಡಿಕಲ್ ಶಾಪಿನಾಗ ಕೇಳಿ ಡ್ರಾಪ್ಸ್ ತಂದು ಹಾಕೋದಂತೂ ಬ್ಯಾಡವೇ ಬ್ಯಾಡ. ಗಿಡದ ಚೂರಿನಿಂದ ಆದ ಗಾಯದಾಗ ಫಂಗಸ್ ಬೆಳೀಬಹುದು, ಸ್ಟೆರಾಯ್ಡ್ ಇರೋ ಡ್ರಾಪ್ಸ್ ಅದನ್ನ ಇನ್ನೂ ಹೆಚ್ಚು ಮಾಡ್ತದ, ಕರಿಗುಡ್ಡಿ ಮ್ಯಾಲ ಹುಣ್ಣಾಗಿ ಹೂ ಬಿದ್ದು ದೃಷ್ಟಿನೇ ಹೋಗ್ತದ. ಅವತ್ತೇ ಜಿಲ್ಲಾ ಆಸ್ಪತ್ರಿಗೆ ಹೋಗ್ರಿ. ಸುಣ್ಣ ಸಿಮೆಂಟ್ ಬಿದ್ರ ಇನ್ನೂ ಅರ್ಜೆಂಟ್, ಬಿದ್ದ ಜಾಗದಾಗೇ ಕನಿಷ್ಠ 20 ನಿಮಿಷ ನೀರು ಸುರೀತಾ ತೊಳದು ಆಮ್ಯಾಲ ಗಾಡಿ ಹತ್ರಿ.

ತಂದ ಮ್ಯಾಲ ಜ್ವಾಪಾನ

ನಮ್ಮ ಕಡಿ ಚಸ್ಮಾ ಹಾಳಾಗೋದು ಹೆಚ್ಚಾಗಿ ಒರಸೋದ್ರಿಂದ. ಲೆನ್ಸ್ ಮ್ಯಾಲ ಕೂತ ಧೂಳಿನಾಗ ಕಲ್ಲಿನ ಪುಡಿ, ಉಸುಕು ಇರ್ತದ, ಅಂಗಿ ತುದೀಲೆ ಇಲ್ಲಾ ಟವೆಲ್‌ಲೆ ಒಣಾ ಒರಸಿದ್ರ ಅದು ಉಪ್ಪುಕಾಗದ ಹೊಡದಂಗೇ. ಮೊದಲ ನೀರು ಬಿಡ್ರಿ, ಧೂಳ ಹರದು ಹೋಗ್ಲಿ, ಆಮ್ಯಾಲ ಭಾಂಡೆ ತಿಕ್ಕೋ ಲಿಕ್ವಿಡ್ ಒಂದು ಹನಿ ಬೆರಳಿಗೆ ಹಚ್ಚಿ ಎರಡೂ ಬಾಜೂ ಮೆತ್ತಗ ತಿಕ್ಕಿ ತೊಳದು, ಮೈಕ್ರೋಫೈಬರ್ ಅರಿವಿಲೆ ಒತ್ತಿ ಒರಸ್ರಿ. ಬೋರಿನ ನೀರು ಸವಳಿದ್ರ ಬಿಳಿ ಕಲೆ ಉಳೀತದ, ಕಡೀಕ ಒಂದಿಷ್ಟು ಫಿಲ್ಟರ್ ನೀರು ಹಾಕ್ರಿ. ಥಿನ್ನರ್, ನೇಲ್ ಪಾಲಿಶ್ ರಿಮೂವರ್, ಟೂತ್ ಪೇಸ್ಟ್ ಮುಟ್ಟಿಸ್ಬ್ಯಾಡ್ರಿ. ಆ ಅರಿವೀನೂ ವಾರಕ್ಕೊಮ್ಮೆ ಒಗೀಬೇಕು, ಅದ್ರಾಗೂ ಧೂಳ ಕೂತಿರ್ತದ.

ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲ, ಬೈಕಿನ ಟ್ಯಾಂಕ್ ಬ್ಯಾಗಿನಾಗ ಬಿಸಲಿಗೆ ಇಟ್ರ ಕೋಟಿಂಗ್ ಬಿರುಕು ಬಿಡ್ತದ, ಫ್ರೇಮ್ ಸೊಟ್ಟ ಆಗ್ತದ. ತಲಿ ಮ್ಯಾಲ ಏರ್ಸಿ ಇಟ್ಕೊಂಡ್ರ ಕಡ್ಡಿ ಸಡಲ ಆಗ್ತಾವ. ಎರಡೂ ಕೈಲೆ ತಗೀರಿ, ಗಟ್ಟಿ ಡಬ್ಬಿಯಾಗ ಇಡ್ರಿ, ಡಬ್ಬಿ ಇಲ್ದಾಗ ಲೆನ್ಸ್ ಮ್ಯಾಲ ಮಾಡಿ ಇಡ್ರಿ.

ಔಷಧ ಹೊಡದ ಗಾಗಲ್ ಅವತ್ತೇ ಬ್ಯಾರೆ ಬಕೀಟಿನಾಗ ಸೋಪಿಲೆ ತೊಳೀರಿ, ಸ್ಟ್ರಾಪ್ ಸೈತ, ಹೊಲದ ಕ್ಯಾನಿನ ಜೋಡಿ ಇಡ್ಬ್ಯಾಡ್ರಿ. ಪೆಟ್ಟು ತಿಂದ ಗಾಗಲ್ ಮ್ಯಾಲ ಏನೂ ಕಾಣ್ಲಿಲ್ಲಂದ್ರೂ ಒಳಗ ಬಿರುಕಿರಬಹುದು, ಅದನ್ನ ಬದಲಿ ಮಾಡ್ರಿ. ಬರೇ ಸ್ಟ್ರಾಪ್ ಸಡಲ ಆಗಿದ್ರ ಗಂಟು ಹಾಕಿ ನಡಿಸ್ಬ್ಯಾಡ್ರಿ, ಒಂದು ಕಡಿ ಎತ್ತಿಕೊಂಡು ಸಂದಿ ಬೀಳ್ತದ, ಸೇಫ್ಟಿ ಸಾಮಾನಿನ ಅಂಗಡಿಯಾಗ ಬರೇ ಸ್ಟ್ರಾಪ್ ಸಿಗ್ತದೇನು ಕೇಳ್ರಿ, ಸಿಗ್ಲಿಲ್ಲಂದ್ರ ಗಾಗಲ್ಲೇ ಹೊಸಾದು ತಗೋರಿ.