ಕೆಲಸದಲ್ಲಿದ್ದುಕೊಂಡೇ ಕನ್ಸಲ್ಟಿಂಗ್ ಸಂದರ್ಶನಕ್ಕೆ ಎಂಟು ವಾರದ ತಯಾರಿ

ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ ಕಡೆಯ ಕಂಪನಿಗಳಲ್ಲಿ ಐದಾರು ವರ್ಷ ದುಡಿದವರು ಮೆಕಿನ್ಸಿ, ಬಿಸಿಜಿ, ಬೇನ್‌ನಂಥ, ಕಂಪನಿಗಳಿಗೆ ಸಲಹೆ ಕೊಡುವ ಕನ್ಸಲ್ಟಿಂಗ್ ಸಂಸ್ಥೆಗಳಿಗೆ ಅರ್ಜಿ ಹಾಕುವಾಗ ತಮ್ಮ ಅನುಭವವನ್ನೇ ನೆಚ್ಚಿಕೊಂಡಿರುತ್ತಾರೆ. ಎಡವುವುದೂ ಅಲ್ಲೇ. ಕೇಸ್, ಅಂದರೆ ಸಂದರ್ಶನದಲ್ಲಿ ಬಿಡಿಸಲು ಕೊಡುವ ವ್ಯವಹಾರದ ಸಮಸ್ಯೆ, ಕೇಳಿದ ಕೂಡಲೇ ‘ಇದು ನೋಡಿರುವ ಸಮಸ್ಯೆ’ ಅಂದುಕೊಂಡು ಪರಿಹಾರ ಹೇಳಿಬಿಡುತ್ತಾರೆ.

ಮೊದಲ ವಾರ ರೆಸ್ಯೂಮೆಗೆ. ಒಂದೇ ಪುಟ. ‘ಪ್ರಾಜೆಕ್ಟ್ ನಿರ್ವಹಿಸಿದೆ’ ಎಂಬ ಸಾಲು ದಂಡ. ‘ಅಚ್ಚು ಬದಲಿಸುವ ಸಮಯವನ್ನು 50 ನಿಮಿಷದಿಂದ 32ಕ್ಕೆ ಇಳಿಸಿದೆ’ ಎಂದರೆ ಓದುವವರು ನಿಲ್ಲುತ್ತಾರೆ. ಆ ಸಂಸ್ಥೆಯಲ್ಲಿರುವ ಪರಿಚಯದವರ ರೆಫರಲ್ (ಶಿಫಾರಸು) ಸಿಗುವುದಾದರೆ ಅರ್ಜಿಗೆ ಮುಂಚೆಯೇ ಕೇಳಿ.

ಎರಡನೇ ವಾರದಿಂದ ಕೇಸ್. ಮೆಕಿನ್ಸಿಯಲ್ಲಿ ಸಾಮಾನ್ಯವಾಗಿ ಸಂದರ್ಶಕರೇ ಪ್ರಶ್ನೆಯಿಂದ ಪ್ರಶ್ನೆಗೆ ನಡೆಸುತ್ತಾರೆ. ಬೇನ್, ಬಿಸಿಜಿಯಲ್ಲಿ ಹೆಚ್ಚಾಗಿ ನೀವೇ ದಾರಿ ಹಿಡಿಯಬೇಕು. ಎರಡನ್ನೂ ಅಭ್ಯಾಸ ಮಾಡಿ.

ಒಂದು ಕಾಲ್ಪನಿಕ ಕೇಸ್: ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆಯೊಂದರ ವಾರ್ಷಿಕ ಲಾಭ 20 ಕೋಟಿ ರೂಪಾಯಿ ಕುಸಿದಿದೆ, ಯಾಕೆ? ಕಾರ್ಖಾನೆ ಅನುಭವ ಇದ್ದವರು ‘ಯಂತ್ರ ಹಳೆಯದು’ ಎನ್ನುತ್ತಾರೆ. ಹಾಗನ್ನಬೇಡಿ. ಮೊದಲು ಮೂರು ಪ್ರಶ್ನೆ ಕೇಳಿ: ಯಾವಾಗಿನಿಂದ, ಅಕ್ಕಪಕ್ಕದ ಕಾರ್ಖಾನೆಗಳಿಗೂ ಹೀಗಾಗಿದೆಯೇ, ಕಂಪನಿಗೆ ಬೇಕಿರುವುದು ಕಾರಣವೋ ಪರಿಹಾರವೋ. ಆಮೇಲೆ ಎರಡು ನಿಮಿಷ ಸಮಯ ಕೇಳಿ ಕಾಗದದ ಮೇಲೆ ಕವಲು ಬಿಡಿಸಿ. ಆದಾಯದ ಕಡೆ ಸಕ್ಕರೆ, ಕಾಕಂಬಿ, ಸಿಪ್ಪೆಯಿಂದ ಬರುವ ವಿದ್ಯುತ್. ಖರ್ಚಿನ ಕಡೆ ಕಬ್ಬು, ಸಾಗಣೆ, ಕೂಲಿ, ದುರಸ್ತಿ, ಬಡ್ಡಿ. ಕಬ್ಬು ಆಲೆಮನೆಗಳಿಗೆ ಹರಿದು ಹೋಗುತ್ತಿದೆಯೇ, ಕಡಿದ ಕಬ್ಬು ಗೇಟಿನಲ್ಲಿ ಒಣಗುತ್ತಿದೆಯೇ ಎಂದು ಕೇಳುವುದಕ್ಕೆ ನಿಮ್ಮ ಅನುಭವ ಬಳಸಿ. ತೀರ್ಪು ಕೊಡುವುದಕ್ಕಲ್ಲ.

ಈಗ ಲೆಕ್ಕ. ದಿನಕ್ಕೆ 5,000 ಟನ್ ಕಬ್ಬು, ಸಕ್ಕರೆ ಇಳುವರಿ ಶೇ 9.5ರಿಂದ 9ಕ್ಕೆ ಇಳಿದಿದೆ ಎಂದರೆ ದಿನಕ್ಕೆ 25 ಟನ್ ಸಕ್ಕರೆ ಖೋತಾ. ಕೆ.ಜಿ.ಗೆ ₹38 ಹಿಡಿದರೆ 9.5 ಲಕ್ಷ, 150 ದಿನದ ಹಂಗಾಮಿಗೆ 14.25 ಕೋಟಿ. ಇಲ್ಲಿಗೇ ನಿಲ್ಲಿಸುವವರೇ ಹೆಚ್ಚು. ‘ಅಂದರೆ 20 ಕೋಟಿ ಕುಸಿತದಲ್ಲಿ ಸುಮಾರು ಶೇ 70ರಷ್ಟು ಇಳುವರಿಯಿಂದಲೇ, ಇನ್ನುಳಿದದ್ದನ್ನು ಖರ್ಚಿನಲ್ಲಿ ಹುಡುಕುತ್ತೇನೆ’ ಎಂದಾಗಲೇ ಉತ್ತರ ಪೂರ್ತಿ. 14.25 ಕೋಟಿ ಎಂದರೆ 142.5 ಮಿಲಿಯನ್. ಸಂದರ್ಶಕರು ಮಿಲಿಯನ್‌ನಲ್ಲಿ ಮಾತಾಡುವಾಗ ಒಂದು ಸೊನ್ನೆ ಜಾರುವುದು ಮಾಮೂಲಿ, ದಿನಾ ಹತ್ತು ನಿಮಿಷ ಈ ಪರಿವರ್ತನೆಗೇ ಇಡಿ. ಮನಸ್ಸಿನಲ್ಲಿ ಮಗ್ಗಿ ಕನ್ನಡದಲ್ಲೇ ಓಡಲಿ, ತೊಂದರೆಯಿಲ್ಲ. ಹಂತಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳಿ ರೂಢಿಸಿಕೊಳ್ಳಿ.

ವಾರದ ದಿನಗಳಲ್ಲಿ ಮುಕ್ಕಾಲು ಗಂಟೆ ಅಭ್ಯಾಸ. ಶನಿವಾರ ಒಂದು, ಭಾನುವಾರ ಎರಡು ಮಾಕ್ ಕೇಸ್, ಅಂದರೆ ಜೊತೆಗಾರರೊಬ್ಬರು ಸಂದರ್ಶಕರಾಗಿ ಕೂತು ನಡೆಸುವ ಅಣಕು ಸಂದರ್ಶನ. ಒಟ್ಟು ಇಪ್ಪತ್ತು ಆದರೆ ಸಾಕು. ಐವತ್ತು ಮಾಡಿದವರು ಬಾಯಿಪಾಠದ ಚೌಕಟ್ಟನ್ನು ಎಲ್ಲದಕ್ಕೂ ತೊಡಿಸುವ ಅಪಾಯವೇ ಹೆಚ್ಚು. ಜೊತೆಗಾರರು ಊರಿನಲ್ಲಿ ಸಿಗದಿದ್ದರೆ ವಿಡಿಯೊ ಕಾಲ್ ಆದೀತು. ಆದರೆ ಒಬ್ಬರೇ ಪುಸ್ತಕ ನೋಡಿ ಬಿಡಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಆರನೇ ವಾರ ನಿಮ್ಮ ಕೆಲಸದ ನಾಲ್ಕು ಪ್ರಸಂಗಗಳನ್ನು ಸಿದ್ಧಮಾಡಿ: ಒಪ್ಪದವರನ್ನು ಒಪ್ಪಿಸಿದ್ದು, ತಂಡ ನಡೆಸಿದ್ದು, ಅಡ್ಡಿಯ ನಡುವೆ ಮುಗಿಸಿದ್ದು, ಸೋತದ್ದು. ಒಂದೊಂದೂ ಎರಡು ನಿಮಿಷದ್ದಿರಲಿ. ಮೆಕಿನ್ಸಿಯಲ್ಲಿ ಒಂದೇ ಪ್ರಸಂಗವನ್ನು ಹತ್ತು ನಿಮಿಷಕ್ಕೂ ಮಿಕ್ಕಿ ಕೆದಕುವುದುಂಟು: ಅವರು ಏನೆಂದರು, ಆಗ ನೀವು ಏನೆಂದಿರಿ? ‘ನಾವು ಮಾಡಿದೆವು’ ಎಂಬ ನಮ್ಮ ಕಡೆಯ ವಿನಯ ಇಲ್ಲಿ ಮುಳುವಾಗುತ್ತದೆ. ‘ನಾನು’ ಎನ್ನಿ. ಈಗಿನ ಕಂಪನಿಯ ಗ್ರಾಹಕರ ಹೆಸರು, ಗುಟ್ಟಿನ ಅಂಕಿ ಹೇಳಬೇಡಿ, ಶೇಕಡಾವಾರು ಸಾಕು. ಗುಟ್ಟು ಕಾಯದವರನ್ನು ಸಲಹಾ ಸಂಸ್ಥೆ ಯಾಕೆ ತೆಗೆದುಕೊಂಡೀತು?

ಕೊನೆಯ ಎರಡು ವಾರ ಮಾಕ್‌ನಲ್ಲಿ ಕಂಡ ತಪ್ಪುಗಳನ್ನು ಮಾತ್ರ ತಿದ್ದಿ. ಯಾವ ಹುದ್ದೆಗೆ ಪರಿಗಣಿಸುತ್ತಿದ್ದಾರೆ ಎಂಬುದನ್ನು ಎಚ್‌ಆರ್‌ನವರಲ್ಲಿ ಮೊದಲೇ ಕೇಳಿ. ಮ್ಯಾನೇಜರ್ ಆಗಿದ್ದವರಿಗೆ ಒಂದೆರಡು ಮೆಟ್ಟಿಲು ಕೆಳಗಿನ ಹೆಸರು ಸಿಗುವುದು ಸಾಮಾನ್ಯ. ನೋಟಿಸ್ ಪೀರಿಯಡ್ 90 ದಿನ ಇದ್ದರೆ ಅದನ್ನೂ ಆಗಲೇ ತಿಳಿಸಿ. ಆಫರ್ ಪತ್ರ ಕೈಗೆ ಬರುವ ತನಕ ರಾಜೀನಾಮೆ ಬೇಡ.