ಮರೆವಿಲ್ಲದ ಡಿಮೆನ್ಷಿಯಾ: ನಮ್ಮ ಮನೆಯಲ್ಲಿ ಮಾಡಿಕೊಂಡ ಏರ್ಪಾಡು

ನಮ್ಮ ಯಜಮಾನರಿಗೆ ಆಗ 52 ವರ್ಷ. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹತ್ತೊಂಬತ್ತರ ಮಗ್ಗಿ, ಹಳೇ ವಿದ್ಯಾರ್ಥಿಗಳ ಹೆಸರು, ಎಲ್ಲ ನೆನಪಿತ್ತು. ಹಾಗಾಗಿ ಡಿಮೆನ್ಷಿಯಾ, ಅಂದರೆ ಮೆದುಳು ಸವೆದು ಬುದ್ಧಿ ಕುಂದುವ ಕಾಯಿಲೆ, ಅಂತ ಯಾರಿಗೂ ಹೊಳೆಯಲಿಲ್ಲ. ನಮ್ಮತ್ತೆಯ ವೈಕುಂಠ ಸಮಾರಾಧನೆಯ ದಿನ ಆರನೇ ಹೋಳಿಗೆ ಕೇಳಿದರು, ಪಕ್ಕದವರ ಎಲೆಗೂ ಕೈ ಹಾಕಿದರು. ಹೆತ್ತ ತಾಯಿ ಹೋಗಿದ್ದಕ್ಕೆ ಕಣ್ಣಲ್ಲಿ ಒಂದು ಹನಿ ನೀರಿಲ್ಲ. "ಕೊಬ್ಬು ಜಾಸ್ತಿಯಾಗಿದೆ" ಅಂದರು ನೆಂಟರು. ನಾನೂ ಎರಡು ವರ್ಷ ಸುಮ್ನೆ ಜಗಳ ಆಡಿದೆ.

ಕಾಯಿಲೆಯ ಹೆಸರು ಫ್ರಂಟೋಟೆಂಪೊರಲ್ ಡಿಮೆನ್ಷಿಯಾ. ಹಣೆಯ ಹಿಂದೆ, ಕಿವಿಯ ಪಕ್ಕದಲ್ಲಿ ಇರುವ ಮೆದುಳು ಸವೆಯುತ್ತದೆ. ಹೆಚ್ಚಾಗಿ 45ರಿಂದ 65ರೊಳಗೆ ಶುರುವಾಗುತ್ತದೆ. ಕೆಲವರಿಗೆ ಮೊದಲು ಮಾತು ಹೋಗುತ್ತದೆ, ಇವರಿಗೆ ನಡತೆ ಬದಲಾಯಿತು.

ಡಾಕ್ಟರ ಹತ್ತಿರ ಹೋಗುವ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ: ಏನು ಮಾಡಿದರು, ಮೊದಲು ಹೇಗಿದ್ದರು. ಡಾಕ್ಟರ ಮುಂದೆ ಇವರು ತುಂಬ ಚೆನ್ನಾಗಿ ಮಾತಾಡಿಬಿಡುತ್ತಾರೆ. "ನನಗೇನಾಗಿದೆ? ಇವಳಿಗೇ ಗಾಬರಿ" ಅನ್ನುತ್ತಾರೆ. ಐದು ನಿಮಿಷ ನೀವೊಬ್ಬರೇ ಮಾತಾಡಲು ಅವಕಾಶ ಕೇಳಿ. ನಮಗೆ ಮೊದಲು ಖಿನ್ನತೆಯ ಮಾತ್ರೆ ಕೊಟ್ಟು ಕಳಿಸಿದ್ದರು, ಒಂದು ವರ್ಷ ಹಾಗೇ ಹೋಯಿತು. ನೆನಪಿನ ಪರೀಕ್ಷೆಯಲ್ಲಿ ಒಳ್ಳೇ ಅಂಕ ಬಂತು ಅಂತ ವಾಪಸ್ ಬರಬೇಡಿ, ಶುರುವಿನಲ್ಲಿ ಅಂಕ ಚೆನ್ನಾಗೇ ಬರಬಹುದು. ನರರೋಗ ತಜ್ಞರನ್ನೇ ನೋಡಿ. ಥೈರಾಯ್ಡ್, ಬಿ12 ರಕ್ತಪರೀಕ್ಷೆ, ಎಂಆರ್‌ಐ ಮಾಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರನ್ನು ನೋಡುವ ವಿಭಾಗವಿದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾಡಿಸಿದ ನೆನಪು, ಬುದ್ಧಿಯ ಪರೀಕ್ಷೆಗಳು ಕನ್ನಡದಲ್ಲೂ ಇವೆ, ಕನ್ನಡದಲ್ಲೇ ಕೇಳಿ ಅಂತ ಹೇಳಲು ಸಂಕೋಚ ಬೇಡ.

ಕೆಲಸದಲ್ಲಿದ್ದರೆ ರಾಜೀನಾಮೆ ಬರೆಯಲು ಬಿಡಬೇಡಿ. ಇವರು ಹೆಡ್‌ಮಾಸ್ಟರಿಗೆ ಬೈದು ಕಾಗದ ಎಸೆದು ಬಂದಿದ್ದರು. ಮಾರನೇ ದಿನ ಓಡಿಹೋಗಿ ವಾಪಸ್ ತಂದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಪ್ರಕಾರ ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ಬೇರೆ ಹುದ್ದೆ ಕೊಡಬೇಕು. ಆದರೆ ಅಂಗವೈಕಲ್ಯದ ಸರ್ಟಿಫಿಕೇಟು ಬೇಕು. ಅದಕ್ಕೆ ಬೇಗ ಅರ್ಜಿ ಹಾಕಿ.

ದುಡ್ಡಿನ ವಿಷಯ ಅದಕ್ಕಿಂತ ಬೇಗ. ಯಾರು ಕೇಳಿದರೂ ಫೋನ್‌ಪೇ ಮಾಡುತ್ತಿದ್ದರು. ಈಗ ಅವರ ಫೋನಿನಲ್ಲಿ ಆ ಆ್ಯಪ್ ಇಲ್ಲ. ಜೇಬಿನಲ್ಲಿ ದಿನಕ್ಕೆ 200 ರೂಪಾಯಿ ಇಡುತ್ತೇನೆ, ಹತ್ತರ ನೋಟುಗಳು. ಎಣಿಸುವುದರಲ್ಲೇ ಅವರಿಗೆ ಖುಷಿ. ಪವರ್ ಆಫ್ ಅಟಾರ್ನಿ ಇದೆ ಅಂತ ನೆಮ್ಮದಿಯಾಗಿರಬೇಡಿ. ನಮ್ಮ ಕಾನೂನಿನಲ್ಲಿ ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅದಕ್ಕೆ ಬೆಲೆ ಇರುವುದಿಲ್ಲ. ಅವರಿಗೆ ಇನ್ನೂ ತಿಳಿಯುವಾಗಲೇ ಬ್ಯಾಂಕ್ ಖಾತೆ ಜಂಟಿ ಮಾಡಿಸಿ, ವಿಲ್ ಬಗ್ಗೆ ವಕೀಲರನ್ನು ಕೇಳಿ.

ಇನ್ನು ಊಟ. ನಮ್ಮ ಮನೆಯ ದೊಡ್ಡ ಯುದ್ಧ ಇದೇ. ಒಂದು ಸಲ ಅರ್ಧ ಕಿಲೋ ಮೈಸೂರು ಪಾಕು ಒಂದೇ ಸಂಜೆ ಮುಗಿಸಿದರು. ಬೈದೆ, ಅತ್ತುಬಿಟ್ಟೆ, ದೇವರ ಆಣೆ ಹಾಕಿಸಿದೆ. ಏನೂ ನಡೆಯಲಿಲ್ಲ. ಸಾಕು ಅನ್ನುವ ಬ್ರೇಕೇ ಹೋಗಿರುವಾಗ ಆಣೆ ಏನು ಮಾಡೀತು? ಈಗ ಅವರಿಗೆ ಹೇಳುವುದು ಬಿಟ್ಟು ಅಡುಗೆಮನೆಯನ್ನೇ ಬದಲಿಸಿದ್ದೇನೆ. ಫ್ರಿಜ್ಜಿಗೆ ಬೀಗ. ಸಕ್ಕರೆ, ಬೆಲ್ಲದ ಡಬ್ಬಿ ಗೋದ್ರೇಜ್ ಬೀರುವಿನಲ್ಲಿ. ತಟ್ಟೆಗೆ ಒಂದೇ ಸಲ ಬಡಿಸಿ ಪಾತ್ರೆ ಒಳಗಿಡುತ್ತೇನೆ. ಪಾತ್ರೆ ಕಾಣದಿದ್ದರೆ ಅರ್ಧ ಹಠ ಕಡಿಮೆ. ಬಾಯಿ ತುಂಬ ತುರುಕಿಕೊಳ್ಳುತ್ತಾರೆ, ಅದಕ್ಕೆ ಇಡ್ಲಿ ನಾಲ್ಕು ತುಂಡು, ಚಿಕ್ಕ ಚಮಚ. ನೀರು ಕುಡಿಯುವಾಗ ಕೆಮ್ಮು ಶುರುವಾದರೆ ಡಾಕ್ಟರಿಗೆ ಹೇಳಿ, ನುಂಗುವ ತೊಂದರೆ ಇರಬಹುದು. ತಿನ್ನಬಾರದ್ದನ್ನೂ ಬಾಯಿಗೆ ಹಾಕಿಕೊಳ್ಳಬಹುದು. ಫಿನಾಯಿಲು, ನುಸಿಗುಳಿಗೆ ಕೈಗೆ ಸಿಗದ ಹಾಗಿಡಿ.

ಹೊರಗೆ ಹೋಗುವಾಗ ಒಂದು ಚೀಟಿ ಇಟ್ಟುಕೊಳ್ಳಿ. ನಮ್ಮದರಲ್ಲಿ ಹೀಗಿದೆ: "ಇವರಿಗೆ ಮೆದುಳಿನ ಕಾಯಿಲೆ. ಬೇಕಂತ ಮಾಡುತ್ತಿಲ್ಲ. ದಯವಿಟ್ಟು ಕೋಪ ಮಾಡಿಕೊಳ್ಳಬೇಡಿ." ಸುಮ್ಮನೆ ತೋರಿಸಿದರೆ ಸಾಕು. ಬೀದಿಯ ಅಂಗಡಿಯವರೆಲ್ಲ ಓದಿದ್ದಾರೆ, ಈಗ ಅವರೇ ಮನೆಗೆ ಕರೆತಂದು ಬಿಡುತ್ತಾರೆ.

ಮಾತ್ರೆಯ ಬಗ್ಗೆ: ಕಾಯಿಲೆಯನ್ನು ನಿಲ್ಲಿಸುವ ಔಷಧಿ ಇನ್ನೂ ಇಲ್ಲ. ಮರೆವಿನ ಕಾಯಿಲೆ ಆಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್ ಮಾತ್ರೆ ಇದಕ್ಕೆ ಉಪಯೋಗವಿಲ್ಲ, ಕೆಲವರಿಗೆ ಚಡಪಡಿಕೆ ಹೆಚ್ಚುತ್ತದೆ. ಡಾಕ್ಟರ ಚೀಟಿಯಲ್ಲಿ ಆ ಹೆಸರು ಕಂಡರೆ ಯಾಕೆ ಅಂತ ಕೇಳಿ.

ಸಂಶೋಧನೆ ನಡೆಯುತ್ತಿದೆ, ಹೆಚ್ಚಾಗಿ ವಂಶವಾಹಿಗಳ ಮೇಲೆ. 2011ರಲ್ಲಿ ಈ ಕಾಯಿಲೆ ತರುವ ಸಿ9ಓಆರ್‌ಎಫ್72 ಎಂಬ ವಂಶವಾಹಿಯ ದೋಷ ಪತ್ತೆಯಾಯಿತು. ಎಲ್ಲರಿಗೂ ಇದು ವಂಶದಿಂದ ಬರುವುದಿಲ್ಲ. ಆದರೆ ಅಪ್ಪನಿಗೋ ಅಮ್ಮನಿಗೋ ಅಂಥ ದೋಷ ಇದ್ದರೆ ಪ್ರತಿ ಮಗುವಿಗೂ ಆ ದೋಷ ಬರುವ ಸಾಧ್ಯತೆ ಅರ್ಧಕ್ಕರ್ಧ. ನನ್ನ ಮಗಳು ಕೇಳಿದಳು, "ಅಮ್ಮಾ, ನಾನೂ ಟೆಸ್ಟ್ ಮಾಡಿಸಲಾ?" ಮೊದಲು ಕೌನ್ಸೆಲಿಂಗ್, ಆಮೇಲೆ ರಕ್ತ ಅಂದೆ. ತಿಳಿದುಕೊಂಡು ಏನು ಮಾಡುತ್ತೀಯ ಅನ್ನುವುದಕ್ಕೆ ಅವಳ ಹತ್ತಿರ ಇನ್ನೂ ಉತ್ತರವಿಲ್ಲ. ನಾನು ಒತ್ತಾಯ ಮಾಡಿಲ್ಲ.

ನಿಮ್ಮ ನಿದ್ದೆಗೂ ಏರ್ಪಾಡು ಬೇಕು. ತೀರಾ ಕೈಮೀರಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಮನೆಗೆ ಗುರುವಾರ ಮಧ್ಯಾಹ್ನ ಮೈದುನ ಬರುತ್ತಾನೆ. ಅಣ್ಣನ ಜೊತೆ ಕೂತು ಮಗ್ಗಿ ಹೇಳಿಸುತ್ತಾನೆ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಎರಡು ಗಂಟೆ ಮಲಗುತ್ತೇನೆ.